ಎದ್ದು ನಡೆಯದಿದ್ದರೂ ಕಥೆ ನಡೆಸಬಲ್ಲವರು

2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಒಂದು ಕನ್ನಡ ಚಿತ್ರಕ್ಕೆ 'ನ್ಯೂ ಕರೆಂಟ್ಸ್' ಪ್ರಶಸ್ತಿ ಬಂತು. ಏಷ್ಯಾದ ಹೊಸ ನಿರ್ದೇಶಕರ ಚಿತ್ರಗಳಿಗೆಂದೇ ಇರುವ ಪ್ರಶಸ್ತಿ ಅದು. ಚಿತ್ರದ ಹೆಸರು 'ಶಿವಮ್ಮ'. 2024ರ ಜೂನ್ 14ರಂದು ಅದು 'ಶಿವಮ್ಮ ಯರೇಹಂಚಿನಾಳ' ಎಂಬ ಹೆಸರಿನಲ್ಲಿ ನಮ್ಮ ರಾಜ್ಯದ ಚಿತ್ರಮಂದಿರಗಳಿಗೆ ಬಂತು. ಯರೇಹಂಚಿನಾಳ ನಮ್ಮ ಕೊಪ್ಪಳ ಜಿಲ್ಲೆಯ ಹಳ್ಳಿ, ಯಲಬುರ್ಗಾ ಸೀಮೆಯದು. ನಿರ್ದೇಶಕ ಜೈಶಂಕರ್ ಆರ್ಯರ್ ಅಲ್ಲಿಯ ಓಣಿಗಳಲ್ಲೇ, ಅಲ್ಲಿಯ ಜನರಿಂದಲೇ ಪಾತ್ರ ಮಾಡಿಸಿ ಈ ಚಿತ್ರ ತೆಗೆದರು. ನಿರ್ಮಾಣ ರಿಷಬ್ ಶೆಟ್ಟಿಯವರದು. ಶಿವಮ್ಮನ ಪಾತ್ರ ಮಾಡಿದವರು ಶರಣಮ್ಮ ಚೆಟ್ಟಿ. ಕುಷ್ಟಗಿ, ಯಲಬುರ್ಗಾ ಕಡೆಯ ಮಾತು, ಯಾವ ಪಾಲಿಶ್ ಇಲ್ಲದೆ, ಸಮುದ್ರ ದಾಟಿ ಹೋಗಿ ಮೆಚ್ಚುಗೆ ಪಡೆದು ಬಂದದ್ದು ನಮಗೆಲ್ಲ ಹೆಮ್ಮೆಯ ಸಂಗತಿ.

ಆದರೆ ನಾನು ಇಂದು ಈ ಚಿತ್ರವನ್ನು ಎತ್ತಿಕೊಂಡಿದ್ದು ಆ ಹೆಮ್ಮೆಗಾಗಿ ಅಲ್ಲ. ಚಿತ್ರದ ಕಥೆ ಶುರುವಾಗುವುದೇ ಒಬ್ಬ ಅಂಗವಿಕಲನ ಮನೆಯಿಂದ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಗಂಡನಿಗೆ ಲಕ್ವಾ ಹೊಡೆದಿದೆ. ಮದುವೆಗೆ ಬಂದ ಮಗಳಿದ್ದಾಳೆ. ಆಗ ಒಂದು ಶಕ್ತಿವರ್ಧಕ ಪೇಯದ ಚೈನ್ ವ್ಯಾಪಾರ ಊರಿಗೆ ಬರುತ್ತದೆ. ಅದನ್ನು ಕುಡಿದರೆ ಗಂಡನಿಗೆ ಗುಣ, ಮಾರಿದರೆ ಮನೆಗೆ ದುಡ್ಡು, ಹೀಗೆ ನಂಬಿದ ಶಿವಮ್ಮ ಇದ್ದಬದ್ದ ಹಣವನ್ನೆಲ್ಲ ಅದರಲ್ಲಿ ಹಾಕುತ್ತಾಳೆ. ನೆರೆಹೊರೆಯವರನ್ನೂ ಸೇರಿಸುತ್ತಾಳೆ. ಊರು ಮೊದಲು ಕೊಳ್ಳುತ್ತದೆ, ಆಮೇಲೆ ಆಕೆಯ ಮೇಲೆ ತಿರುಗಿಬೀಳುತ್ತದೆ.

ಲಕ್ವಾ ಹೊಡೆದವರ ಮನೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಒಂದು ಬೆಳಿಗ್ಗೆ ಕೈ ಎತ್ತಲು ಬರುವುದಿಲ್ಲ, ಬಾಯಿ ಸೊಟ್ಟಗಾಗಿರುತ್ತದೆ. ಅಲ್ಲಿಂದ ಶುರುವಾಗುತ್ತದೆ ಓಡಾಟ. ಎಣ್ಣೆ ತಿಕ್ಕುವವರು, ಬೇರು ಅರೆದು ಕೊಡುವವರು, ಪಾರಿವಾಳದ ರಕ್ತ ಹಚ್ಚಬೇಕೆನ್ನುವವರು, ಯಾವುದೋ ಊರಿನಲ್ಲಿ ವಾರಕ್ಕೊಮ್ಮೆ ಪುಡಿ ಕೊಡುತ್ತಾರೆಂದು ವಿಳಾಸ ತಂದುಕೊಡುವವರು. ಲಕ್ವಾ ಹೊಡೆದ ಮೊದಲ ತಿಂಗಳುಗಳಲ್ಲಿ ಕೈಕಾಲಿಗೆ ಬೇಕಾದ ವ್ಯಾಯಾಮ, ಫಿಸಿಯೋಥೆರಪಿ, ಈ ಓಡಾಟದಲ್ಲಿ ತಪ್ಪಿಹೋಗುತ್ತದೆ. ಎತ್ತು ಮಾರಿ, ಬಂಗಾರ ಅಡ ಇಟ್ಟು, ಕಡೆಗೆ ಮನೆಯಲ್ಲಿ ಉಳಿಯುವುದು ಖಾಲಿ ಬಾಟಲಿಗಳು. ಗುಣವಾಗುವ ಆಸೆಯನ್ನು ಸರಕು ಮಾಡಿಕೊಂಡು ಮಾರುವವರು ಪ್ರತಿ ಸಂತೆಯಲ್ಲೂ ಇದ್ದಾರೆ. 'ಶಿವಮ್ಮ' ಚಿತ್ರ ಈ ಆಸೆಯ ವ್ಯಾಪಾರವನ್ನು ಹತ್ತಿರದಿಂದ ಹಿಡಿದು ತೋರಿಸಿತು. ಶಿವಮ್ಮ ಮೋಸ ಹೋದಳೆಂದು ನಗುವುದಿಲ್ಲ, ಪತಿವ್ರತೆಯೆಂದು ಆರತಿ ಎತ್ತುವುದೂ ಇಲ್ಲ. ಹಟಮಾರಿ, ದುಡಿಮೆಗಾರ್ತಿ, ಆಸೆ ಇರುವ ಹೆಣ್ಣು ಆಕೆ. ಹಾಸಿಗೆ ಹಿಡಿದವನ ಹೆಂಡತಿ ಎಂದರೆ ಕಣ್ಣೀರು ಹಾಕುತ್ತ ದೇವರ ಮುಂದೆ ಕೂತವಳು ಎಂದಷ್ಟೇ ಸಿನಿಮಾ ನಮಗೆ ಹೇಳಿಕೊಟ್ಟಿತ್ತು. ಆ ಅಚ್ಚು ಇಲ್ಲಿ ಒಡೆಯಿತು.

ಇನ್ನೊಂದು ಅಚ್ಚು ಬಾಕಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಆ ಗಣತಿ ಎಣಿಸಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಇಷ್ಟು ಜನ ಇರುವ ನಾಡಿನ ಸಿನಿಮಾದಲ್ಲಿ ಅವರಿಗೆ ಸಿಕ್ಕ ಪಾತ್ರಗಳು ಎಷ್ಟು ಬಗೆಯವು? ಕುಂಟುತ್ತ ಬರುವ ಖಳ. ತೊದಲಿ ನಗಿಸುವ ಗೆಳೆಯ. ಕೇಳಿದ್ದೊಂದಕ್ಕೆ ಇನ್ನೊಂದು ಉತ್ತರ ಕೊಡುವ ಕಿವುಡ ಅಜ್ಜ. ನಾಯಕನಿಗೆ ಸೇಡು ತೀರಿಸಿಕೊಳ್ಳಲು ಕಾರಣವಾಗುವ ಕುರುಡು ತಂಗಿ. ಕೊನೆಯ ರೀಲಿನಲ್ಲಿ ಗುಡಿಯ ಗಂಟೆ ಬಾರಿಸಿದೊಡನೆ ಕಣ್ಣು ಬರುವ ಭಕ್ತ. ಕೇಳುಗರೇ, ನೀವೂ ಇದಕ್ಕೆ ನಾಲ್ಕು ಸೇರಿಸಬಲ್ಲಿರಿ. ಇವರೆಲ್ಲರಲ್ಲಿ ಸಮಾನವಾದದ್ದು ಒಂದೇ. ಇವರಿಗಾಗಿ ಕಥೆ ನಡೆಯುವುದಿಲ್ಲ, ಬೇರೆ ಯಾರದೋ ಕಥೆಗೆ ಇವರು ಬೇಕಾಗುತ್ತಾರೆ.

ಶಕುನಿಯನ್ನೇ ನೋಡಿ. 1988ರಲ್ಲಿ ದೂರದರ್ಶನದಲ್ಲಿ ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಶುರುವಾದಾಗ ಭಾನುವಾರ ಬೆಳಿಗ್ಗೆ ರಸ್ತೆಗಳು ಖಾಲಿಯಾಗುತ್ತಿದ್ದವು. ಅದರಲ್ಲಿ ಗೂಫಿ ಪೇಂಟಲ್ ಅವರ ಶಕುನಿ ಕುಂಟುತ್ತ ಬಂದ, ಒಂದು ಕಣ್ಣು ಕಿರಿದು ಮಾಡಿ ನಕ್ಕ. ವ್ಯಾಸ ಭಾರತದಲ್ಲಿ ಕುಂಟುವ ಶಕುನಿ ಇಲ್ಲ. ಕೇಡಿಗನಿಗೆ ಒಂದು ಊನ ಇರಬೇಕೆಂಬ ಬಣ್ಣದ ಲೋಕದ ಹಳೆಯ ರೂಢಿ ಅವನ ಕಾಲನ್ನು ಸೊಟ್ಟ ಮಾಡಿತು. ಆಮೇಲೆ ಎಷ್ಟು ಶಾಲೆಗಳ ಅಂಗಳದಲ್ಲಿ ಪೋಲಿಯೋ ಆದ ಹುಡುಗರು 'ಶಕುನಿ ಮಾಮಾ' ಎನಿಸಿಕೊಂಡರು! ನಾನು ಮೇಷ್ಟರ ಕೆಲಸ ಮಾಡಿದವನು, ಈ ಕೂಗನ್ನು ಕಿವಿಯಾರೆ ಕೇಳಿದ್ದೇನೆ. ಆ ಕೂಗಿಗೆ ಸಿಕ್ಕ ಮಗು ಮರುದಿನ ಆಟದ ಪೀರಿಯಡ್ಡಿಗೆ ಬರುವುದಿಲ್ಲ.

ರಾಮಾಯಣದಲ್ಲಿ ಚಾಡಿ ಹೇಳುವ ಮಂಥರೆಯ ಗೂನು ಬೆನ್ನನ್ನೂ ತೆರೆ ಹೀಗೇ ಕೇಡಿನ ಗುರುತು ಮಾಡಿತು. ನಮ್ಮ ಭಾಗದಲ್ಲಿ ಈ ಗೂನಿಗೆ ಇನ್ನೊಂದು ಚರಿತ್ರೆಯಿದೆ. ಮುನಿರಾಬಾದಿನ ನಮಗೆ ತುಂಗಭದ್ರೆಯ ನೀರು ಮನೆಯ ಬಾಗಿಲಲ್ಲಿದೆ. ಇಲ್ಲಿಂದ ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಹಳ್ಳಿಗಳಿಗೆ ಹೋದರೆ ಜನ ಬಹುಕಾಲ ನೆಚ್ಚಿಕೊಂಡಿದ್ದು ಕೊಳವೆಬಾವಿಯನ್ನು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿಗೆ ಕಂದು ಕಲೆ ಹತ್ತುತ್ತದೆ, ಕೀಲು ಬಿಗಿಯುತ್ತದೆ, ಬೆನ್ನೆಲುಬು ಗಡುಸಾಗಿ ಬಾಗುತ್ತದೆ. ನಲವತ್ತಕ್ಕೇ ನೆಲ ನೋಡುತ್ತ ನಡೆಯುವ ಹೆಂಗಸರು ಆ ಊರುಗಳಲ್ಲಿದ್ದಾರೆ. ಹೊಲದಲ್ಲಿ ಕಳೆ ತೆಗೆದು, ತಲೆಯ ಮೇಲೆ ಅದೇ ನೀರನ್ನು ಹೊತ್ತು ತಂದು ಮಕ್ಕಳಿಗೆ ಕುಡಿಸಿದವರು ಅವರು. ಬಾಗಿದ ಬೆನ್ನೆಂದರೆ ಚಾಡಿಕೋರತನ ಎಂದು ತೆರೆ ಕಲಿಸಿದ ಪಾಠವನ್ನು ಈ ತಾಯಂದಿರ ಮುಂದೆ ನಿಂತು ಯಾರು ಒಪ್ಪಿಸಬಲ್ಲರು? ಇಷ್ಟು ದೊಡ್ಡ ಸಂಗತಿ ನಮ್ಮ ಕಣ್ಣೆದುರಿಗಿದ್ದೂ, ಫ್ಲೋರೈಡ್ ಪೀಡಿತ ಹೆಣ್ಣೊಬ್ಬಳು ನಾಯಕಿಯಾದ ಕನ್ನಡ ಕಥಾಚಿತ್ರವೊಂದನ್ನು ನಾನು ಇನ್ನೂ ನೋಡಿಲ್ಲ.

ವೈಕಲ್ಯ ದೇವರ ಶಾಪವೂ ಅಲ್ಲ, ಪೂರ್ವಜನ್ಮದ ಫಲವೂ ಅಲ್ಲ, ಅದು ನೀರಿನಿಂದ ಬರಬಹುದು, ಕಡತದಿಂದಲೂ ಬರಬಹುದು. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ಇದನ್ನು ಎಂಬತ್ತರ ದಶಕದಲ್ಲೇ ತೋರಿಸಿತ್ತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಚಾರುಹಾಸನ್ ಅವರ ತಬರ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ, ತಬರನ ಪಿಂಚಣಿ ಮಂಜೂರಾಗುತ್ತಿಲ್ಲ. ಆಕೆಯ ಕಾಲಿನ ಗಾಯ ಬೆಳೆಯುವುದೂ ಕಚೇರಿಯಲ್ಲಿ ಕಾಗದ ಮೇಜಿನಿಂದ ಮೇಜಿಗೆ ಸರಿಯುವುದೂ ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗಾಗಿ ಜಿಲ್ಲಾ ಆಸ್ಪತ್ರೆಗೆ, ಮಾಸಾಶನಕ್ಕಾಗಿ ತಹಶೀಲ್ದಾರರ ಕಚೇರಿಗೆ ಅಲೆದವರಿಗೆ ಆ ಚಿತ್ರ ಹಳೆಯದೆನಿಸುವುದಿಲ್ಲ.

ಕನ್ನಡ ಚಿತ್ರರಂಗ ಈ ವಿಷಯದಲ್ಲಿ ಹಿಂದುಳಿದಿತ್ತೆಂದು ನಾನು ಹೇಳಲಾರೆ. 1964ರಲ್ಲೇ ಎನ್. ಲಕ್ಷ್ಮೀನಾರಾಯಣ್ 'ನಾಂದಿ' ತೆಗೆದರು. ಪೌರಾಣಿಕ ಕಿರೀಟ ತೊಡುತ್ತಿದ್ದ ರಾಜಕುಮಾರ್ ಅದರಲ್ಲಿ ಸಾಧಾರಣ ಶಾಲಾ ಮಾಸ್ತರ. ಹೆಂಡತಿ ತೀರಿಕೊಂಡ ಮೇಲೆ ಅವನು ಕೈಹಿಡಿಯುವುದು ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು. ಆ ಪಾತ್ರ ಹರಿಣಿಯವರದು. ಅದೇ 1964ರಲ್ಲಿ ಹಿಂದಿಯಲ್ಲಿ ಒಬ್ಬ ಕುರುಡ, ಒಬ್ಬ ಕುಂಟ ಹುಡುಗರ 'ದೋಸ್ತಿ' ಬಂದು ದೇಶವನ್ನೇ ಅಳಿಸಿತು. 'ನಾಂದಿ' ಅಳಿಸುವುದಕ್ಕಷ್ಟೇ ನಿಲ್ಲಲಿಲ್ಲ. ಕಿವುಡರ ಸಂಸಾರ ಹೇಗೆ ನಡೆಯುತ್ತದೆ, ಮಕ್ಕಳಾದರೆ ಏನು, ಅವರ ಕಲಿಕೆ ಹೇಗೆ ಎಂಬ ಮನೆಯೊಳಗಿನ ಪ್ರಶ್ನೆಗಳನ್ನು ಕೇಳಿತು. ಕಿವುಡ ಹೆಣ್ಣಿಗೂ ಮದುವೆಯಿದೆ, ತಾಯ್ತನವಿದೆ, ಮುನಿಸಿದೆ ಎಂದು 1964ರ ಪ್ರೇಕ್ಷಕರಿಗೆ ಹೇಳುವುದು ಸಣ್ಣ ಧೈರ್ಯವಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದದ್ದು 1971ರ 'ಶರಪಂಜರ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅವರ ಕಾವೇರಿ. ನಮ್ಮ ಕಡೆ ಸಿಟ್ಟಿನಲ್ಲಿ 'ಇವನ್ನ ಧಾರವಾಡಕ್ಕ ಕಳಸ್ಬೇಕು' ಎನ್ನುವುದಿದೆ. ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯೆಂಬ ಒಂದೇ ಕಾರಣಕ್ಕೆ ಅಷ್ಟು ದೊಡ್ಡ ವಿದ್ಯಾನಗರಿಯ ಹೆಸರು ಬೈಗುಳವಾಗಿದೆ. ಅಂಥ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವಳು ಕಾವೇರಿ. ಬೇರೆ ಚಿತ್ರಗಳು ಎಲ್ಲಿ ಮುಗಿಯುತ್ತಿದ್ದವೋ ಅಲ್ಲಿಂದ ಈ ಚಿತ್ರದ ನಿಜವಾದ ಕಥೆ ಮೊದಲಾಗುತ್ತದೆ. ರೋಗ ಹೋಗಿದೆ, ಆದರೆ ಮನೆಯವರ ಕಣ್ಣು ಆಕೆಯ ಕೈಯನ್ನು ಕಾಯುತ್ತಿದೆ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ನ್ಯಾಯವಾಗಿ ಸಿಟ್ಟಾದರೂ ಅನುಮಾನ. ಅಡುಗೆ ಮನೆ ಆಕೆಯದಲ್ಲ, ಗಂಡ ಆಕೆಯವನಲ್ಲ, ನೆರೆಯವರು ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ವೈದ್ಯರು ಗುಣಪಡಿಸಿದ ಹೆಣ್ಣನ್ನು ಸಮಾಜ ಮತ್ತೆ ಕಾಯಿಲೆಗೆ ತಳ್ಳುತ್ತದೆ.

ಚಿತ್ರ ನೋಡುತ್ತ ಕೂತ ನಾವು ಕಾವೇರಿಯ ಕಣ್ಣಿನಿಂದಲೇ ಆ ಮನೆಯನ್ನು ನೋಡುತ್ತೇವೆ, ಇದೇ 'ಶರಪಂಜರ'ದ ಶಕ್ತಿ. ಆಕೆಯನ್ನು ಹೊರಗಿನಿಂದ ನೋಡಿ ಅಯ್ಯೋ ಎನ್ನುವ ಅವಕಾಶ ಪುಟ್ಟಣ್ಣ ನಮಗೆ ಕೊಡಲಿಲ್ಲ. 2016ರ ಕಾಯ್ದೆ ಮಾನಸಿಕ ಕಾಯಿಲೆಯನ್ನು ಆ 21ರ ಪಟ್ಟಿಯಲ್ಲಿ ಸೇರಿಸಿದೆ. ಪುಟ್ಟಣ್ಣ, ಕಲ್ಪನಾ, ತ್ರಿವೇಣಿ ಆ ಕೆಲಸವನ್ನು ಜನರ ಮನಸ್ಸಿನಲ್ಲಿ 45 ವರ್ಷ ಮೊದಲೇ ಆರಂಭಿಸಿದ್ದರು. 2016ರಲ್ಲಿ ಬಂದ ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಮರೆವಿನ ಕಾಯಿಲೆಯ ತಂದೆಯಾದರು. ಅದೂ ಒಳ್ಳೆಯ ಚಿತ್ರ. ಆದರೂ ಕಾವೇರಿ ನಮ್ಮನ್ನು ಕೂರಿಸಿದ ಜಾಗದಲ್ಲಿ ಇನ್ನೊಂದು ಚಿತ್ರ ನನ್ನನ್ನು ಕೂರಿಸಿಲ್ಲ.

ಪಕ್ಕದ ಗದಗಿನ ಮಾತು ಹೇಳದೆ ಹೋದರೆ ಈ ಭಾಷಣ ನಮ್ಮ ಕಡೆಯದಾಗುವುದಿಲ್ಲ. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡರು. ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದವರು, ಎಳವೆಯಲ್ಲೇ ಕಣ್ಣು ಕಳೆದುಕೊಂಡವರು, 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. ಗುರುವಿನ ಬಾಳನ್ನು ಕುರಿತು 1995ರಲ್ಲಿ ಚಿಂದೋಡಿ ಬಂಗಾರೇಶ್ ಚಿತ್ರ ತೆಗೆದರು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಹಾಡಿಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂತು. ಆ ಹಾಡು ಇದೇ ಬಾನುಲಿಯಲ್ಲಿ ನೀವು ಎಷ್ಟೋ ಸಲ ಕೇಳಿದ್ದೀರಿ.

ಆ ಚಿತ್ರ ಬಂದದ್ದು ದೊಡ್ಡ ಕೆಲಸ. ಕುರುಡನೊಬ್ಬ ಚಿತ್ರದ ನಡುಗಂಬವಾಗಿ ನಿಂತ. ಆದರೆ ಸಂತನಾಗಿ ನಿಂತ ಅಂಧನಿಂದ ಸಾಧಾರಣ ಅಂಧನ ಹೆಗಲಿಗೆ ಒಂದು ಹೊರೆಯೂ ಬೀಳುತ್ತದೆ. ಕಣ್ಣು ಕಾಣದ ಮಗು ಶಾಲೆಗೆ ಬಂದರೆ ಮೊದಲ ಪ್ರಶ್ನೆ, 'ಹಾಡತೀಯೇನು?' ಗಣಿತ ಇಷ್ಟವೇ, ಲೆಕ್ಕ ಮಾಡುತ್ತೀಯಾ, ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೀಯಾ ಎಂದು ಕೇಳುವವರು ಕಡಿಮೆ. ಕಣ್ಣು ಹೋದರೆ ದೇವರು ಕಂಠ ಕೊಡುತ್ತಾನೆ ಎಂಬ ನಂಬಿಕೆ ಪ್ರೀತಿಯಿಂದಲೇ ಹುಟ್ಟಿದ್ದು, ಆದರೆ ಕಂಠವಿಲ್ಲದ ಮಗುವಿಗೆ ಅದರಲ್ಲಿ ಜಾಗವಿಲ್ಲ.

ಗದಗಿನ ಚರಿತ್ರೆಯಲ್ಲೇ ಇದಕ್ಕೆ ಉತ್ತರವಿದೆ. ಪುಣ್ಯಾಶ್ರಮದ ಅನಾಥ, ಅಂಧ ಮಕ್ಕಳ ಊಟಕ್ಕೆ ದುಡ್ಡು ಬೇಕಾದಾಗ ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿ ಕಟ್ಟಿದರು. ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ. ಗುರುವಿನ ನಂತರ ಪುಟ್ಟರಾಜರು ಅದನ್ನು ನಡೆಸಿದರು, ತಾವೇ ನಾಟಕ ಬರೆದರು. ಕಂಪನಿ ನಡೆಸುವುದೆಂದರೆ ಏನು ಎಂದು ಹಳೆಯ ನಾಟಕದವರನ್ನು ಕೇಳಿ. ಕ್ಯಾಂಪ್ ಯಾವ ಊರಲ್ಲಿ, ಜಾತ್ರೆ ಯಾವಾಗ, ಮಳೆ ಹಿಡಿದರೆ ಥಿಯೇಟರ್ ಎತ್ತುವುದು ಹೇಗೆ, ನಟರ ಪಗಾರ, ಪರದೆಯ ಸಾಲ, ಮುನಿಸಿಕೊಂಡು ಹೋದ ಪಾತ್ರಧಾರಿಯ ಜಾಗಕ್ಕೆ ರಾತ್ರೋರಾತ್ರಿ ಇನ್ನೊಬ್ಬ. ಕಣ್ಣುಳ್ಳವರೇ ಸೋತು ಮಾರಿಹೋದ ಧಂದೆ ಅದು. ಅದನ್ನು ಕಣ್ಣು ಕಾಣದ ಮನುಷ್ಯ ದಶಕಗಟ್ಟಲೆ ನಡೆಸಿ ನೂರಾರು ಮಕ್ಕಳಿಗೆ ಅನ್ನ ಹಾಕಿದರು. ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ, ಅವರ ವ್ಯವಹಾರ ಜ್ಞಾನಕ್ಕೂ ಅಷ್ಟೇ. ಲೆಕ್ಕದ ಪುಸ್ತಕ ಓದಿಸಿಕೊಂಡು ತಪ್ಪು ಹಿಡಿಯುವ ಕುರುಡ ಮಾಲೀಕನ ದೃಶ್ಯ ಯಾರಾದರೂ ತೆಗೆದರೆ, ಬ್ಯಾಂಕಿನಲ್ಲಿ ಸಾಲ ಕೇಳಲು ಹೋಗುವ ಇಂದಿನ ಅಂಧ ಯುವಕನಿಗೆ ಅದರಿಂದ ನೇರ ಉಪಯೋಗವಾಗುತ್ತದೆ.

ಪಾತ್ರವನ್ನು ಯಾರು ಮಾಡಬೇಕೆಂಬುದು ಮುಂದಿನ ಪ್ರಶ್ನೆ. ಸಯಿ ಪರಾಂಜಪೆಯವರ ಹಿಂದಿ ಚಿತ್ರ 'ಸ್ಪರ್ಶ್' 1980ರದು. ಅಂಧ ಶಾಲೆಯ ಅಂಧ ಪ್ರಾಂಶುಪಾಲನಾಗಿ ನಸೀರುದ್ದೀನ್ ಶಾ ಅದ್ಭುತವಾಗಿ ಅಭಿನಯಿಸಿದರು. ಆದರೆ ಆ ಚಿತ್ರ ನೆನಪಿನಲ್ಲಿ ಉಳಿಯುವುದು ಅದರಲ್ಲಿ ನಿಜವಾಗಿ ಕಣ್ಣು ಕಾಣದ ಮಕ್ಕಳು ಗಲಾಟೆ ಮಾಡುತ್ತ, ಕಿತಾಪತಿ ಮಾಡುತ್ತ ಓಡಾಡಿದ್ದಕ್ಕೆ. 1985ರಲ್ಲಿ ತೆಲುಗಿನಲ್ಲಿ ಸಿಂಗೀತಂ ಶ್ರೀನಿವಾಸರಾವ್ 'ಮಯೂರಿ' ತೆಗೆದರು. ಅಪಘಾತದಲ್ಲಿ ಕಾಲು ಕಳೆದುಕೊಂಡು ಜೈಪುರದ ಕೃತಕ ಕಾಲು ತೊಟ್ಟು ಮತ್ತೆ ಕುಣಿದ ಸುಧಾ ಚಂದ್ರನ್ ತಮ್ಮ ಕಥೆಯಲ್ಲಿ ತಾವೇ ನಟಿಸಿದರು. ತೆರೆಯ ಮೇಲೆ ಆ ಕಾಲು ನೆಲಕ್ಕೆ ಬಡಿದಾಗ ಅನುಮಾನ ಪಡಲು ಏನೂ ಉಳಿಯಲಿಲ್ಲ. ಕನ್ನಡದಲ್ಲಿ 'ತಿಥಿ' ಬಂತು, 'ಶಿವಮ್ಮ' ಬಂತು. ಹೊಲದಲ್ಲಿ ದುಡಿಯುವವರು, ಬಿಸಿಯೂಟ ಬಡಿಸುವವರು ಕ್ಯಾಮೆರಾ ಮುಂದೆ ನಿಂತು ಯಾರಿಗೂ ಕಡಿಮೆಯಿಲ್ಲವೆಂದು ತೋರಿಸಿದರು. ಹಾಗಿದ್ದರೆ ಗಾಲಿಕುರ್ಚಿಯ ಮೇಲಿನ ಪಾತ್ರಕ್ಕೆ ಗಾಲಿಕುರ್ಚಿ ಬಳಸುವವರನ್ನೇ ಕರೆಯಲು ನಿರ್ದೇಶಕರಿಗೆ ಏನು ಅಡ್ಡಿ?

ನಗುವಿನ ಬಗ್ಗೆ ಕಾನೂನೂ ಈಗ ಮಾತಾಡಿದೆ. 'ಆಂಖ್ ಮಿಚೋಲಿ' ಎಂಬ ಹಿಂದಿ ಚಿತ್ರದಲ್ಲಿ ಅಂಗವಿಕಲರನ್ನು ಹಾಸ್ಯಕ್ಕೆ ಗುರಿಮಾಡಿದ್ದಾರೆಂದು ನಿಪುಣ್ ಮಲ್ಹೋತ್ರಾ ಹಾಕಿದ ದಾವೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 2024ರ ಜುಲೈ 8ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ. ಬಿ. ಪಾರ್ದಿವಾಲಾ ಅವರ ಪೀಠ ತೀರ್ಪು ಕೊಟ್ಟಿತು. ಚಿತ್ರಕ್ಕೆ ಕತ್ತರಿ ಹಾಕಲಿಲ್ಲ, ಆದರೆ ದೃಶ್ಯ ಮಾಧ್ಯಮದವರಿಗೆ ದಾರಿ ತೋರಿಸಿತು. ಅಂಗವಿಕಲರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವರನ್ನು ಕೀಳು ಮಾಡುವ ಹಾಸ್ಯ ಬೇರೆ ಎಂದಿತು. ಒಂದು ಇಂದ್ರಿಯ ಹೋದರೆ ಇನ್ನೊಂದು ಅತಿಮಾನುಷವಾಗಿ ಚುರುಕಾಗುತ್ತದೆಂಬ ಕಟ್ಟುಕತೆಯನ್ನೂ ಬಿಡಿ, ಅಂಗವಿಕಲರ ಕಥೆ ಬರೆಯುವಾಗ ಅವರನ್ನು ಕೂಡಿಸಿಕೊಂಡು ಬರೆಯಿರಿ ಎಂದಿತು. ನಗಬಾರದೆಂದು ನ್ಯಾಯಾಲಯವೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ತೊದಲುವ ಹುಡುಗನೇ ಜೋಕ್ ಹೇಳಲಿ, ನಾವು ಹೊಟ್ಟೆ ಹಿಡಿದು ನಗೋಣ. ಅವನು ತೊದಲುವುದೇ ಜೋಕ್ ಆದರೆ ಆ ಹುಡುಗ ಮರುದಿನ ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳುವುದಿಲ್ಲ.

ಈಗ ನಾನು ಬಾಕಿ ಉಳಿಸಿದ ಇನ್ನೊಂದು ಅಚ್ಚಿನ ಮಾತು. ಹುಲಿಗಿಯ ಕಡೆ ನನಗೆ ಪರಿಚಯದ ಒಬ್ಬ ಟೇಲರ್ ಇದ್ದಾನೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲು ಸೋತಿವೆ. ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತಾನೆ, ಕೈಯಿಂದ ತಿರುಗಿಸುವ ಮಷಿನ್‌ಗೆ ಈಗ ಮೋಟಾರು ಹಾಕಿಸಿದ್ದಾನೆ. 'ಶಿವಮ್ಮ' ಬಂದಾಗ ಜೊತೆಯಲ್ಲೇ ಹೋಗಿ ನೋಡಿದೆವು. ಚಿತ್ರಮಂದಿರದ ಮೆಟ್ಟಿಲ ಮುಂದೆ ಸ್ಕೂಟರ್ ನಿಲ್ಲಿಸಿ, ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿದ. ಹೊತ್ತುಕೊಂಡು ಹೋಗುತ್ತೇವೆಂದು ಬಂದ ಹುಡುಗರಿಗೆ ಬೇಡವೆಂದ. ಹೊರಗೆ ಬಂದ ಮೇಲೆ ಚಹಾ ಕುಡಿಯುತ್ತ ಅವನು ಹೇಳಿದ ಮಾತನ್ನು ಅವನ ನುಡಿಯಲ್ಲೇ ಹೇಳುತ್ತೇನೆ.

'ಸರ, ಪಿಕ್ಚರ್ ಭಾಳ ಚಲೋ ಐತ್ರಿ. ನಮ್ಮ ಮಾತು ನಮ್ಮಂಗ ಆಡ್ಯಾರ. ಆದ್ರ ಒಂದ್ ಮಾತು ಕೇಳ್ತೀನಿ. ನಮ್ಮಂಥವ್ರು ಪಿಕ್ಚರ್‌ದಾಗ ಯಾವಾಗ್ಲೂ ಮನಿಯವ್ರಿಗೆ ಭಾರ ಆಗೇ ಯಾಕ ಇರ್ತೀವ್ರಿ? ನಮ್ಮ ಮನಿ ನಡಸಾಂವ ನಾನಲ್ಲೇನ್ರಿ? ಜೂನ್ ಬಂತಂದ್ರ ಯೂನಿಫಾರ್ಮ್ ಹೊಲಿಗಿ, ನಿದ್ದಿ ಇರಂಗಿಲ್ಲ. ತಮ್ಮನ್ನ ಡಿಗ್ರಿ ಓದಿಸೇನಿ. ಅದನ್ಯಾರು ತೆಗೀತಾರ್ರಿ?'

'ತಮ್ಮಾ, ಅದು ಶಿವಮ್ಮನ ಕಥಿ, ಗಂಡನದಲ್ಲ' ಎಂದೆ.

'ಹೌದ್ರಿ ಸರ, ಗೊತ್ತೈತಿ. ಅಕಿ ಕಥಿ ಅಕಿಗೆ ಇರ್ಲಿ. ನಮ್ಮ ಕಥಿ ನಮಗ ಬೇಕ್ರಿ.'

ಈ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ. 'ಶಿವಮ್ಮ' ಚಿತ್ರದ ಮೇಲೆ ಇದು ದೂರಲ್ಲ. ಆ ಚಿತ್ರ ಆರೈಕೆ ಮಾಡುವ ಹೆಣ್ಣಿನ ಒಳಗನ್ನು ತೆರೆಯಿತು, ಅದು ಅದರ ಕೆಲಸ, ಅದನ್ನು ಪ್ರಾಮಾಣಿಕವಾಗಿ ಮಾಡಿತು. ಆದರೆ ಒಂದೇ ಚಿತ್ರ ಒಂದು ಜಿಲ್ಲೆಯ ಎಲ್ಲ ಅಂಗವಿಕಲರ ಪರವಾಗಿ ಮಾತಾಡಲಾರದು. ಲಕ್ವಾ ಹೊಡೆದು ಮಂಚ ಹಿಡಿದ ಗಂಡನಿಗೂ ಆ ಮನೆಯ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ಹೆಂಡತಿ ಹಣ ಕಟ್ಟುವುದು ಬೇಡವೆನಿಸಬಹುದು, ಮಗಳ ಮದುವೆಯ ಚಿಂತೆ ಇರಬಹುದು, ಮಲಗಿದಲ್ಲಿಂದಲೇ ಹೊಲದ ಲಾವಣಿಯ ಮಾತು ಮುಗಿಸಬಲ್ಲವನೂ ಇರಬಹುದು. ಟೇಲರ್ ಕೇಳಿದ್ದು ಅನುಕಂಪವನ್ನಲ್ಲ, ಪಾತ್ರವನ್ನು. ಎದ್ದು ನಡೆಯದಿದ್ದರೂ ಕಥೆಯನ್ನು ನಡೆಸುವ ಪಾತ್ರ. ಅವನು ಪ್ರೀತಿ ಮಾಡಲಿ, ಬಾಕಿ ವಸೂಲಿಗೆ ಜಗಳವಾಡಲಿ, ಪಂಚಾಯ್ತಿ ಚುನಾವಣೆಗೆ ನಿಲ್ಲಲಿ, ತಪ್ಪನ್ನೂ ಮಾಡಲಿ. ಕೊನೆಯ ದೃಶ್ಯದಲ್ಲಿ ಅವನ ಕಾಲು ಸರಿಯಾಗುವುದು ಬೇಡ, ಸತ್ತು ಎಲ್ಲರನ್ನೂ ಅಳಿಸುವುದೂ ಬೇಡ. ಅಂಗಡಿ ಬಾಗಿಲು ತೆಗೆದು ಮಷಿನ್ ಮುಂದೆ ಕೂರಲಿ.

ಕೊಪ್ಪಳ, ಗಂಗಾವತಿ, ಕುಷ್ಟಗಿಯಲ್ಲಿ ಈಗ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಬಹಳ ಇದ್ದಾರೆ. ಮೊಬೈಲಿನಲ್ಲೇ ಕಿರುಚಿತ್ರ ತೆಗೆದು ಯೂಟ್ಯೂಬಿಗೆ ಹಾಕುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ಕಥೆ ಬರೆಯುವ ಮುಂಚೆ ನಿಮ್ಮ ಊರಿನ ವಿ.ಆರ್.ಡಬ್ಲ್ಯೂ. ಅವರನ್ನು, ಅಂದರೆ ಗ್ರಾಮ ಪುನರ್ವಸತಿ ಕಾರ್ಯಕರ್ತರನ್ನು, ಕಂಡು ಬನ್ನಿ. ಅವರಲ್ಲಿ ಎಷ್ಟೋ ಜನ ತಾವೇ ಅಂಗವಿಕಲರು, ಊರಿನ ಪ್ರತಿ ಮನೆ ಬಲ್ಲವರು. ಯಾರ ಕಥೆ ತೆಗೆಯುತ್ತೀರೋ ಅವರ ಮುಂದೆ ಚಿತ್ರಕಥೆ ಓದಿ, ಬೇಡವೆಂದದ್ದನ್ನು ಬಿಡಿ. ನಟಿಸಲು ಬಂದವರಿಗೆ ಪುಣ್ಯ ಬರುತ್ತದೆಂದು ಹೇಳಿ ಕಳಿಸಬೇಡಿ, ಬೇರೆ ನಟರಿಗೆ ಕೊಡುವಷ್ಟೇ ದುಡ್ಡು ಕೊಡಿ. ಚಿತ್ರೀಕರಣದ ಜಾಗಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ, ಹೆಣ್ಣುಮಕ್ಕಳಿಗೆ ಬಳಸಲು ಬರುವ ಶೌಚಾಲಯ ಇದೆಯೇ ಎಂದು ಮೊದಲೇ ನೋಡಿ.

ಚಿತ್ರಮಂದಿರಗಳ ಮಾಲೀಕರಿಗೂ ಒಂದು ಮಾತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್ 15ರಂದು ಮಾರ್ಗಸೂಚಿ ಹೊರಡಿಸಿದೆ. ಕಿವಿ ಕೇಳದವರಿಗೆ ತೆರೆಯ ಮೇಲೆ ಅಥವಾ ಬೇರೆ ಸಾಧನದಲ್ಲಿ ಮಾತಿನ ಬರಹ, ಕಣ್ಣು ಕಾಣದವರಿಗೆ ದೃಶ್ಯದ ಧ್ವನಿ ವಿವರಣೆ ಇರಬೇಕು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷದ ಗಡುವು ಕೊಟ್ಟಿತ್ತು. ಧ್ವನಿ ವಿವರಣೆ ಎಂದರೆ ಏನೆಂದು ಬಾನುಲಿ ಕೇಳುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ರೇಡಿಯೋದಲ್ಲಿ ಸಿನಿಮಾದ ಧ್ವನಿಮುದ್ರಿಕೆ ಹಾಕುತ್ತಿದ್ದಾಗ ಮಾತು ನಿಂತು ಬರೀ ಹೆಜ್ಜೆ ಸದ್ದು ಬಂದರೆ 'ಈಗೇನಾತು?' ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಆ ಪ್ರಶ್ನೆಗೆ ಉತ್ತರ ಹೇಳುವ ದನಿಯೇ ಧ್ವನಿ ವಿವರಣೆ.

ಬರಹದ ವಿಷಯದಲ್ಲಿ ನಮ್ಮವರು ಮಾಡುತ್ತಿರುವ ಒಂದು ತಪ್ಪನ್ನು ಇವತ್ತೇ ತಿದ್ದಬಹುದು. ಕನ್ನಡ ಚಿತ್ರಕ್ಕೆ ಅಡಿಬರಹ ಹಾಕಿದರೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹಾಕುತ್ತಾರೆ, ಹೊರಗಿನವರು ನೋಡಲೆಂದು. ಯಲಬುರ್ಗಾದ ಕನ್ನಡ ಶಾಲೆಯಲ್ಲಿ ಓದಿದ ಕಿವುಡ ಹುಡುಗಿ ಪಕ್ಕದ ಊರಿನಲ್ಲಿ ತೆಗೆದ ಚಿತ್ರ ನೋಡಲು ಕೂತರೆ ಆಕೆಗೆ ಆ ಇಂಗ್ಲಿಷು ದಕ್ಕುವುದಿಲ್ಲ, ಕನ್ನಡ ಕೇಳುವುದಿಲ್ಲ. ಕನ್ನಡದ ಮಾತಿಗೆ ಕನ್ನಡದಲ್ಲೇ ಬರಹ ಹಾಕಿ. ಬಾಗಿಲು ಬಡಿದ ಸದ್ದು, ಹಿಂದಿನಿಂದ ಕರೆದ ದನಿ, ಹಿನ್ನೆಲೆಯ ಹಾಡು, ಇವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಹತ್ತು ನಿಮಿಷದ ಕಿರುಚಿತ್ರಕ್ಕೆ ಒಂದು ಸಂಜೆಯ ಕೆಲಸ ಅದು. ಯೂಟ್ಯೂಬಿನಲ್ಲಿ ಅದಕ್ಕೆ ಖರ್ಚಿಲ್ಲ. ಈಗಾಗಲೇ ಹಾಕಿರುವ ಚಿತ್ರಗಳಿಗೂ ಸೇರಿಸಬಹುದು, ಈ ವಾರವೇ ಶುರುಮಾಡಿ.